ಪ್ರಶ್ನೆಯಕ್ಕ ಹೇಳಬಾರದಿದ್ದ ಉತ್ತರ

ಊರಿನ ಅರ್ಧಕ್ಕರ್ಧ ಮನೆಗಳ ಬಾಗಿಲು ಅವಳಿಗೆ ಗೊತ್ತಿತ್ತು. ಯಾವ ಬಾಗಿಲಿನ ಕರೆಗಂಟೆ ಹೆಸರಿಗೆ ಮಾತ್ರ ಇದೆ, ಯಾವ ಮನೆಯ ನಾಯಿಯ ಹತ್ತಿರ ಹುಷಾರಾಗಿರಬೇಕು, ಯಾವ ಮನೆಯ ಯಜಮಾನ ಒಳಗೇ ಕೂತು 'ಯಜಮಾನರು ಮನೆಯಲ್ಲಿಲ್ಲ' ಎಂದು ತಾನೇ ಕೂಗಿ ಹೇಳುತ್ತಾನೆ, ಎಲ್ಲ ಬಾಯಿಪಾಠ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಅವಳ ಕೆಲಸ. ಮಗಳು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಹಿಡಿದದ್ದು. ಈಗ ಆ ಮಗಳಿಗೇ ಮದುವೆಯಾಗಿ ಬೇರೆ ಊರಿನಲ್ಲಿ ಸಂಸಾರ. ಯಾವ ಸೋಪು ಬಳಸುತ್ತೀರಿ, ಹಲ್ಲುಜ್ಜುವ ಪೇಸ್ಟು ಆರಿಸುವವರು ಯಾರು, ಸಂಜೆ ಟೀವಿಯಲ್ಲಿ ಏನು ನೋಡುತ್ತೀರಿ, ಮುಂದಿನ ಸಲ ಯಾರಿಗೆ ವೋಟು, ಹೀಗೆ ಕಂಪನಿಯವರು ಕೊಟ್ಟದ್ದು ಯಾವುದಾದರೂ ಸರಿ, ಒಂದೇ ದನಿಯಲ್ಲಿ ಕೇಳಿ, ಉತ್ತರವನ್ನು ಕೈಯಲ್ಲಿನ ಟ್ಯಾಬಿನಲ್ಲಿ ಒತ್ತಿಕೊಂಡು, ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಬೀದಿಯ ಮಕ್ಕಳು ಅವಳಿಗೆ ಪ್ರಶ್ನೆಯಕ್ಕ ಎಂದು ಹೆಸರಿಟ್ಟರು. ದೊಡ್ಡವರೂ ಹಾಗೇ ಕರೆಯತೊಡಗಿದರು. ಕೊನೆಗೆ ಅವಳ ಗಂಡನೂ ಕರೆದ, ಆದರೆ ಜಗಳವಾಡುವಾಗ ಮಾತ್ರ.

ಇಷ್ಟು ವರ್ಷಗಳಲ್ಲಿ ಯಾರ ಉತ್ತರವನ್ನೂ ಅವಳು ಮನೆಗೆ ಹೊತ್ತು ತಂದವಳಲ್ಲ. ಜನ ಸುಳ್ಳು ಹೇಳುತ್ತಾರೆಂಬುದು ಅವಳಿಗೆ ಗೊತ್ತು. ಬಚ್ಚಲಿನಲ್ಲಿ ಅಗ್ಗದ ಸೋಪು ಕಾಣುತ್ತಿದ್ದರೂ ಬಾಯಲ್ಲಿ ದುಬಾರಿ ಸೋಪಿನ ಹೆಸರು. ಅದರಿಂದ ಯಾರ ಗಂಟು ಹೋಗುತ್ತದೆ? ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರೆ ತನ್ನ ಕೆಲಸ ಮುಗಿಯಿತು.

ಹೀಗಿರುವಾಗ ಆ ವರ್ಷ ಒಂದು ಬೇರೆ ತರಹದ ಸರ್ವೆ ಬಂತು. ಸೋಪಿನದಲ್ಲ, ವೋಟಿನದಲ್ಲ. ಹೃದಯದ ಬಡಿತ ತಾಳ ತಪ್ಪುವ ಒಂದು ಕಾಯಿಲೆ ಇದೆಯಂತೆ, ವಯಸ್ಸಾದವರಲ್ಲಿ ಬಹಳ ಸಾಮಾನ್ಯವಂತೆ, ಅದರ ಬಗ್ಗೆ ಜನಕ್ಕೆ ಎಷ್ಟು ಗೊತ್ತು ಎಂದು ಅಳೆಯಬೇಕು. ವೈದ್ಯಕೀಯ ಕಾಲೇಜಿನವರು ಮಾಡಿಸುತ್ತಿದ್ದ ಕೆಲಸ. ಉಸ್ತುವಾರಿಗೆ ಒಬ್ಬ ಎಳೆಯ ಡಾಕ್ಟರಮ್ಮ. ಹೆಚ್ಚುಕಡಿಮೆ ಪ್ರಶ್ನೆಯಕ್ಕನ ಮಗಳ ವಯಸ್ಸು, ಮಾತು ಮಾತ್ರ ಹೆಡ್‌ಮಿಸ್ಟ್ರೆಸ್ಸಿನದು.

ಕಾಲೇಜಿನ ಹಳೇ ಹಾಲಿನಲ್ಲಿ, ಒಂದು ಕಾಲು ಕುಂಟುವ ಕುರ್ಚಿಗಳ ಮೇಲೆ ಸರ್ವೆಗೆ ಸೇರಿದವರನ್ನೆಲ್ಲ ಕೂರಿಸಿ ಡಾಕ್ಟರಮ್ಮ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದಳು. "ಹೃದಯಕ್ಕೆ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಮೇಲಿನ ಕೋಣೆಗಳು ಸರಿಯಾಗಿ ಹಿಂಡೋ ಬದಲು ಸುಮ್ನೆ ನಡುಗೋಕೆ ಶುರು ಮಾಡಿದ್ರೆ ರಕ್ತ ಅಲ್ಲೇ ನಿಲ್ಲುತ್ತೆ. ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಮೆದುಳಿಗೆ ಹೋದ್ರೆ ಲಕ್ವ. ಕೆಲವರಿಗೆ ಎದೆ ಪಡಪಡ ಅನ್ನುತ್ತೆ, ಸುಸ್ತಾಗುತ್ತೆ. ಕೆಲವರಿಗೆ ಏನೂ ಗೊತ್ತಾಗಲ್ಲ. ಗೊತ್ತಾದ್ರೆ ಮಾತ್ರೆ ಇದೆ."

ಮಣಿಕಟ್ಟಿನಲ್ಲಿ ನಾಡಿ ಎಲ್ಲಿ ಸಿಗುತ್ತದೆ ಎಂದು ತೋರಿಸಿದಳು, ಏಕೆಂದರೆ 'ನಾಡಿ ನೋಡುವುದು ಗೊತ್ತೇ, ತೋರಿಸಿ' ಎಂಬುದೂ ಒಂದು ಪ್ರಶ್ನೆ. ಆಮೇಲೆ ಡಾಕ್ಟರಮ್ಮ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ಮುಖ್ಯವಾದ ಮಾತಿಗೆ ಬಂದಳು.

"ನೀವು ಯಾರೂ ಜನಕ್ಕೆ ಉತ್ತರ ಹೇಳಿಕೊಡಬಾರದು. ಬಾಯಲ್ಲಷ್ಟೇ ಅಲ್ಲ, ಮುಖದಲ್ಲೂ ಉತ್ತರ ಕಾಣಿಸಬಾರದು. ಯಾರಾದ್ರೂ ನಂಗೂ ಹೀಗಾಗುತ್ತೆ ಅಂದ್ರೆ, 'ಒಂದ್ಸಲ ಡಾಕ್ಟರಿಗೆ ತೋರಿಸಿ' ಅನ್ನಿ. ಅಷ್ಟೇ. ಸರ್ವೆ ಪೂರ್ತಿ ಮುಗಿದ ಮೇಲೆ ನಾವೇ ಎಲ್ಲ ಬೀದಿಗೂ ಬಂದು ತಿಳಿಸಿಕೊಡ್ತೀವಿ."

ಪ್ರಶ್ನೆಯಕ್ಕ ತಲೆಯಾಡಿಸಿದಳು. ಮುಖದಲ್ಲಿ ಏನೂ ತೋರಿಸದೆ ಇರುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಹಾಗೆಂದುಕೊಂಡಿದ್ದಳು.

ಮೊದಲ ವಾರ ಕಳೆಯುವಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಸೋಪಿನ ಪ್ರಶ್ನೆಗೆ ಯಾರೂ 'ಗೊತ್ತಿಲ್ಲ' ಎನ್ನುತ್ತಿರಲಿಲ್ಲ. ಇಲ್ಲಿ ಬಾಗಿಲು ಬಾಗಿಲಿಗೂ ಗೊತ್ತಿಲ್ಲ. ಆದರೆ ಎಲ್ಲರ ಗೊತ್ತಿಲ್ಲವೂ ಒಂದೇ ಅಲ್ಲ. ಸಾಮಾನು ಅಂಗಡಿಯವನು ತೂಕ ಹಾಕುತ್ತಲೇ 'ಗೊತ್ತಿಲ್ಲ' ಎಂದಾಗ ಅದರ ಅರ್ಥ 'ಬೇಗ ಮುಗಿಸಿ ಹೊರಡು' ಎಂದು. ಬ್ಯಾಂಕಿನವನು ಹೇಳಿದ ಗೊತ್ತಿಲ್ಲದಲ್ಲಿ ಸ್ವಲ್ಪ ಸಿಟ್ಟಿತ್ತು, ತನಗೆ ಗೊತ್ತಿರದ ವಿಷಯ ಕೇಳಿ ಅವಮಾನ ಮಾಡಿದಳೆಂಬಂತೆ. ಕೆಲವರು ಮಾತ್ರ ಗೊತ್ತಿಲ್ಲ ಎಂದು ಹೇಳಿ ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಈಗ ಇವಳು ಹೇಳುತ್ತಾಳೆ ಎಂದು ಕಾಯುವವರು. ಅವರೆದುರು ಟ್ಯಾಬಿನ ಪರದೆ ಮುಚ್ಚಿ 'ಬರ್ತೀನಿ' ಎಂದು ಹೊರಡುವಾಗ ಪ್ರಶ್ನೆಯಕ್ಕನಿಗೆ ಯಾಕೋ ಒಂದು ಥರ ಆಗುತ್ತಿತ್ತು. ಉಂಡೆದ್ದ ಎಲೆಯನ್ನು ಎದುರಿಗಿದ್ದ ಹಸಿದವರಿಗೆ ತೋರಿಸಿ ಬಂದ ಹಾಗೆ.

ಎರಡನೇ ವಾರದಲ್ಲಿ ಇಸ್ತ್ರಿಯಮ್ಮನ ಸರದಿ ಬಂತು.

ಇಸ್ತ್ರಿಯಮ್ಮನದು ಒಂದು ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ಸಿಕ್ಕಿದ್ದ ಜಾಗ. ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಗೋಡೆಗೆ ಆನಿಸಿಟ್ಟ ಬಟ್ಟೆಗಂಟುಗಳು. ಇಡೀ ಬೀದಿಯ ಬಟ್ಟೆ ಅವಳ ಕೈಯಿಂದಲೇ ಹಾದುಹೋಗುತ್ತಿತ್ತು, ಬಟ್ಟೆಯ ಜೊತೆಗೆ ಸುದ್ದಿಯೂ. ಅರವತ್ತು ದಾಟಿದ ಹೆಂಗಸು, ಗಟ್ಟಿಮುಟ್ಟು. ಮನೆಯಲ್ಲಿ ಅವಳೂ ಸೊಸೆಯೂ ಇಬ್ಬರೇ. ಮಗ ಲಾರಿಯ ಮೇಲೆ ತಿಂಗಳಲ್ಲಿ ಮೂರು ವಾರ ಊರು ಬಿಟ್ಟಿರುತ್ತಿದ್ದ. ಅತ್ತೆಗೂ ಸೊಸೆಗೂ ಒಂದು ನಿಮಿಷ ಆಗುತ್ತಿರಲಿಲ್ಲ, ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಊಟಕ್ಕೂ ಕೂರುತ್ತಿರಲಿಲ್ಲ.

"ಅಮ್ಮಾ, ಹೃದಯದ ಬಡಿತ ತಾಳ ತಪ್ಪಿ ಬಡಿಯುವಂಥ ಕಾಯಿಲೆ ಒಂದಿದೆ ಅಂತ ಕೇಳಿದ್ದೀರಾ?" ಎಂದು ಪ್ರಶ್ನೆಯಕ್ಕ ಶುರುಮಾಡಿದಳು.

"ಕೇಳೋದೇನು, ನಂಗೇ ಇದೆ," ಎಂದಳು ಇಸ್ತ್ರಿಯಮ್ಮ, ಒಂದು ಕಾಲರನ್ನು ಒತ್ತುತ್ತ. "ಆದ್ರೆ ಅದು ಕಾಯಿಲೆ ಅಲ್ಲ ಕಣಮ್ಮ. ಗ್ಯಾಸು."

ಪ್ರಶ್ನೆಯಕ್ಕನ ಬೆರಳು ಪರದೆಯ ಮೇಲೆ ನಿಂತಿತು.

"ಗಂಟು ಎತ್ತಿದ್ರೆ ಎದೇಲಿ ಪಡಪಡ ಪಡಪಡ ಅನ್ನುತ್ತೆ. ಒಂದೊಂದು ಸಲ ಸುಮ್ನೆ ಕೂತಿದ್ರೂ ಅಷ್ಟೇ. ಸೋಡಾ ಕುಡೀತೀನಿ, ಒಂದು ತೇಗು ಬರುತ್ತೆ, ಹೋಗುತ್ತೆ. ಏನಾದ್ರೂ ಬರ್ಕೋ, ನಿನ್ನ ಕೆಲಸ ಕೆಡೋದು ಬೇಡ."

ಆಯ್ಕೆಗಳಲ್ಲಿ 'ಗ್ಯಾಸು' ಇರಲಿಲ್ಲ. 'ಕೇಳಿಲ್ಲ' ಎಂದು ಒತ್ತಿದಳು. ಲಕ್ವಕ್ಕೂ ಇದಕ್ಕೂ ಸಂಬಂಧ? ಗೊತ್ತಿಲ್ಲ. ನಾಡಿ ನೋಡುವುದು? "ನಾಡಿ ನೋಡೋಕೆ ನಾನೇನು ವೈದ್ಯಳಾ?" ಎಲ್ಲ ಮುಗಿದ ಮೇಲೆ ಪ್ರಶ್ನೆಯಕ್ಕ ಅಪ್ಪಣೆಯಾಗಿದ್ದ ಒಂದೇ ಒಂದು ಮಾತನ್ನು ಹೇಳಿದಳು. "ಅಮ್ಮಾ, ಒಂದ್ಸಲ ಡಾಕ್ಟರಿಗೆ ತೋರಿಸಿ."

ಇಸ್ತ್ರಿಯಮ್ಮ ನಕ್ಕಳು. "ತೇಗು ಬಂದಿದ್ದಕ್ಕೆಲ್ಲ ಡಾಕ್ಟರ ಹತ್ರ ಹೋದ್ರೆ ಅವರಾದ್ರೂ ಏನಂದುಕೊಂಡಾರು? ಹೋಗು ತಾಯಿ, ಬಿಸಿಲು ಏರ್ತಿದೆ."

ಅವತ್ತು ಮೊದಲ ಬಾರಿಗೆ ಪ್ರಶ್ನೆಯಕ್ಕ ಒಬ್ಬರ ಉತ್ತರವನ್ನು ಮನೆಗೆ ಹೊತ್ತು ತಂದಳು.

ಅವಳ ಗಂಡ ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಿಚ್ಚಿದ ಮಿಷನ್ನುಗಳು, ಎಣ್ಣೆ ಬಟ್ಟೆ, ಡಬ್ಬಿ ತುಂಬ ಮೊಳೆ ತಿರುಪು. ಮರುದಿನ ರಜೆ. ಬೆಳಿಗ್ಗೆ ಅವನು ಕಿಟಕಿಯ ಪಕ್ಕ ಪೇಪರು ಓದುತ್ತ ಕೂತಿದ್ದಾಗ ಅವಳು ಬಂದು ಅವನ ಮಣಿಕಟ್ಟು ಹಿಡಿದು ಕೂತಳು. ಅವನು ಕನ್ನಡಕದ ಮೇಲಿನಿಂದ ನೋಡಿದ.

"ಏನಿದು, ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ?"

"ಸುಮ್ನಿರಿ. ಮಾತಾಡಿದ್ರೆ ತಪ್ಪಿಹೋಗುತ್ತೆ."

ಹೆಬ್ಬೆರಳಿನ ಬುಡದಲ್ಲಿ, ಮೂಳೆಯ ಒಳಬದಿಯಲ್ಲಿ, ಎರಡು ಬೆರಳಿಟ್ಟು ಹುಡುಕಿದಳು. ಮೊದಲು ಏನೂ ಸಿಗಲಿಲ್ಲ. ಒತ್ತಿ ಹಿಡಿದರೆ ಇಲ್ಲ, ಸಡಿಲ ಬಿಟ್ಟರೆ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಬೆರಳ ತುದಿಗೆ ಬಂತು, ಟಕ್, ಟಕ್, ಟಕ್, ಒಂದೇ ಸಮ.

"ಹೇಗಿದೆ?" ಎಂದ ಗಂಡ. ಅವನಿಗೂ ಈಗ ಸ್ವಲ್ಪ ಅಳುಕು.

"ಸರಿಯಾಗಿದೆ ರೀ."

"ಇರದೆ ಏನು. ಹಳೇ ಮಿಷನ್ನು ಕಣೇ, ಎಣ್ಣೆ ಹಾಕಿಟ್ಟ ಹಾಗೆ ಓಡುತ್ತೆ." ಆಮೇಲೆ ಪೇಪರು ಮಡಿಸಿಟ್ಟು ಕೇಳಿದ, "ಯಾರದ್ದು ಸರಿಯಾಗಿಲ್ಲ?"

ಅವಳು ಹೇಳಿದಳು. ಅವನು ಕೇಳಿಸಿಕೊಂಡ. "ಹೇಳಿಬಿಡು ಅತ್ಲಾಗೆ" ಎಂದೂ ಅನ್ನಲಿಲ್ಲ, "ನಿಂಗ್ಯಾಕೆ ಊರ ಉಸಾಬರಿ" ಎಂದೂ ಅನ್ನಲಿಲ್ಲ. "ಕೆಲಸ ಹೋದ್ರೆ ಹೋಗ್ಲಿ ಅನ್ನೋಕೆ ನಂಗೆ ಸುಲಭ. ನಿನ್ನ ಕೆಲಸ ಅದು" ಎಂದು ಎದ್ದು ಒಳಗೆ ಹೋದ.

ಮಾರನೇ ದಿನ ಅವಳು ಒಂದು ಬೆಡ್‌ಶೀಟು, ಗಂಡನ ಎರಡು ಶರ್ಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆ ಮನೆಯಿಂದ ಬಟ್ಟೆ ಇಸ್ತ್ರಿಗೆ ಹೋದದ್ದು ಅದೇ ಮೊದಲು. ಎಣ್ಣೆ ಮೆತ್ತಿಕೊಳ್ಳುವ ಶರ್ಟಿಗೆ ಇಸ್ತ್ರಿ ಏಕೆಂದು ಗಂಡ ಕೇಳಲಿಲ್ಲ.

ಇಸ್ತ್ರಿಯಮ್ಮ ಬಟ್ಟೆ ಎಣಿಸಿಕೊಳ್ಳುತ್ತಿದ್ದಾಗ ಪ್ರಶ್ನೆಯಕ್ಕ, "ಅಮ್ಮಾ, ಕೈ ಕೊಡಿ ಸ್ವಲ್ಪ" ಎಂದಳು. ಆ ಮಣಿಕಟ್ಟಿನ ತುಂಬ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆಗಳು. ಬೆರಳಿಟ್ಟಳು. ಈ ಸಲ ಹುಡುಕಬೇಕಾಗಲಿಲ್ಲ. ಬಂದ ಬಸ್ಸಿಗೆ ನುಗ್ಗುವ ಜನರ ಹಾಗಿತ್ತು ಅದು: ಇಬ್ಬರು ಒಟ್ಟಿಗೆ, ಆಮೇಲೆ ಯಾರೂ ಇಲ್ಲ, ಆಮೇಲೆ ಒಬ್ಬ, ಮತ್ತೆ ನಾಲ್ಕು ಜನ ಮೈಮೇಲೆ ಬಿದ್ದಂತೆ. ಸಾಲೇ ಇಲ್ಲ. ಪ್ರಶ್ನೆಯಕ್ಕ ಕೈ ಬಿಟ್ಟು ಒಂದು ಬಟ್ಟೆಗಂಟಿನ ಮೇಲೆ ಕೂತಳು. ತನಗೆ ತಿಳಿದಷ್ಟನ್ನೂ, ಬೋರ್ಡಿನ ಮೇಲಿದ್ದ ಚಿತ್ರದಿಂದ ಹಿಡಿದು ಮಾತ್ರೆಯವರೆಗೆ, ಎಲ್ಲ ಹೇಳಿದಳು.

ಇಸ್ತ್ರಿಯಮ್ಮ ಸಾವಿಗೆ ಹೆದರುವ ಪೈಕಿ ಅಲ್ಲ. ಸುಮ್ಮನೆ ಕೇಳುತ್ತಿದ್ದವಳು ಲಕ್ವ ಎಂಬ ಮಾತು ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

"ಲಕ್ವ ಅಂದ್ರೆ... ಬಲಗೈ ಹೋಗುತ್ತಾ?"

"ಹೋಗಬಹುದು ಅಮ್ಮ. ಎಡಗೈಯೂ ಹೋಗಬಹುದು. ಮಾತೂ ಹೋಗಬಹುದು."

"ಎಡಗೈ ಹೋದ್ರೆ ಹೋಗ್ಲಿ," ಎಂದಳು ಇಸ್ತ್ರಿಯಮ್ಮ. ಸ್ವಲ್ಪ ಹೊತ್ತು ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಆಸ್ಪತ್ರೆಗೆ ಹೋದ್ರೆ ಅಂಗಡಿ ಯಾರು ನೋಡ್ಕೋತಾರೆ?"

"ನಾನು ನೋಡ್ಕೋತೀನಿ."

ಬಾಯಿ ತಪ್ಪಿ ಬಂದ ಮಾತು. ಆದರೂ ಮಾತು ಮಾತೇ. ಆ ವಾರವೇ ಸೊಸೆ ತಾನು ಕೆಲಸ ಮಾಡುವ ಅಂಗಡಿಗೆ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪ್ರಶ್ನೆಯಕ್ಕ ಮೆಟ್ಟಿಲಿನ ಕೆಳಗೆ ನಿಂತು ಬೀದಿಯ ಬಟ್ಟೆ ಒತ್ತಿದಳು. ಬೆಡ್‌ಶೀಟುಗಳು ಹೇಗೋ ಆದವು. ಆಮೇಲೆ ವಕೀಲರ ಬಿಳಿ ಶರ್ಟು ಹಾಸಿಕೊಂಡಿದ್ದಾಗ ಮನಸ್ಸು ಆಸ್ಪತ್ರೆಯ ಕಡೆ ಹೋಯಿತು; ಇತ್ತ ಶರ್ಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರ ಕಂದು ಬಣ್ಣದಲ್ಲಿ ಅಚ್ಚೊತ್ತಿ ಕೂತಿತು. ಸಂಜೆ ಬಂದ ವಕೀಲರು ಶರ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇರ್ಲಿ ಬಿಡಮ್ಮ, ಮೇಲೆ ಕೋಟು ಹಾಕ್ತೀನಿ. ಕೋಟು ತೆಗೆಯೋ ಅಂಥ ವಾದ ನಾನು ಯಾವತ್ತೂ ಮಾಡಿಲ್ಲ" ಎಂದರು.

ಇಸ್ತ್ರಿಯಮ್ಮನಿಗೆ ಇದ್ದದ್ದು ಅದೇ ಕಾಯಿಲೆ. ಇಸಿಜಿಯ ಗೆರೆ ನೋಡಿದ ಕೂಡಲೇ ಆಸ್ಪತ್ರೆಯವರು ಹೇಳಿದರಂತೆ. ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ, ಬಡಿತ ತಗ್ಗಿಸಲು ಒಂದು ಮಾತ್ರೆ, ಎರಡನ್ನೂ ಒಂದು ದಿನವೂ ಬಿಡುವಂತಿಲ್ಲ.

"ನೋಡಮ್ಮ, ನಿನ್ನಿಂದ ನಾನು ಔಷಧಿ ಅಂಗಡಿ ನುಂಗೋ ಹಾಗಾಯ್ತು," ಎಂದು ಇಸ್ತ್ರಿಯಮ್ಮ ಬೈದಳು. ಸೊಸೆ ಹಿಂದಿನಿಂದ, "ನುಂಗ್ತಾರೆ ಅನ್ನೋದಷ್ಟೇ, ಬೆಳಿಗ್ಗೆ ಮಾತ್ರೆ ಕೊಡೋಕೆ ನಾನು ಇವರ ಹಿಂದೆ ಬೀದಿ ಸುತ್ತಬೇಕು" ಎಂದಳು. ಅತ್ತೆ ಸೊಸೆಗೆ ಜಗಳ ಆಡಲು ಹೊಸ ವಿಷಯ ಸಿಕ್ಕಿತ್ತು. ಇಬ್ಬರೂ ಚೆನ್ನಾಗಿಯೇ ಇದ್ದರು.

ಕತೆ ಇಲ್ಲಿಗೆ ಮುಗಿದಿದ್ದರೆ ಪ್ರಶ್ನೆಯಕ್ಕ ನೆಮ್ಮದಿಯಾಗಿ ಮುಂದಿನ ಬೀದಿಗೆ ಹೋಗುತ್ತಿದ್ದಳು. ಆದರೆ ಇಸ್ತ್ರಿಯಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಬಟ್ಟೆ ಕೊಡಲು ಬಂದವರ ಕೈಯನ್ನೆಲ್ಲ ಅವಳು ಹಿಡಿದಳು. ಬಟ್ಟೆ ಕೆಳಗಿಡುವ ಮೊದಲು ಕೈ ಕೊಡಬೇಕು, ಅವಳು ಕಣ್ಣು ಮುಚ್ಚಿ ನಾಡಿ ನೋಡಬೇಕು, ಆಮೇಲೆಯೇ ಲೆಕ್ಕ. ಬೀದಿಗೆ ಬೀದಿಯೇ ಮಣಿಕಟ್ಟು ಹಿಡಿದುಕೊಂಡು ಓಡಾಡಿತು.

ಆ ಬೀದಿಯಲ್ಲಿ ಪ್ರಶ್ನೆಯಕ್ಕನಿಗೆ ಇನ್ನೂ ಅರ್ಧ ಮನೆಗಳು ಬಾಕಿ ಇದ್ದವು. ಬಾಗಿಲು ತಟ್ಟಿ ಪ್ರಶ್ನೆ ಕೇಳಿದರೆ ಒಬ್ಬರೂ ಗೊತ್ತಿಲ್ಲ ಎನ್ನಲಿಲ್ಲ. ಕೇಳಿದ ಪ್ರಶ್ನೆಗೂ ಉತ್ತರ, ಕೇಳದ ಪ್ರಶ್ನೆಗೂ ಉತ್ತರ. "ಮೇಲಿನ ಕೋಣೆ ನಡುಗುತ್ತೆ, ರಕ್ತ ನಿಲ್ಲುತ್ತೆ, ಹೆಪ್ಪು ತಲೆಗೆ ಹೋಗುತ್ತೆ, ಬಲಗೈ ಬಿದ್ದುಹೋಗುತ್ತೆ." ಹೇಳಿದ್ದನ್ನು ಹೇಳಿದಂತೆ ಒತ್ತಿಕೊಳ್ಳಬೇಕು, ಒತ್ತಿಕೊಂಡಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಪ್ರತಿ ಸಲ ಪರದೆ ಮುಟ್ಟುವಾಗ ಅವಳ ಬೆರಳು ಭಾರವಾಗುತ್ತಿತ್ತು.

ವಾರ ಕಳೆದ ಮೇಲೆ ಡಾಕ್ಟರಮ್ಮ ಅವಳನ್ನು ಕಾಲೇಜಿಗೆ ಕರೆಸಿದಳು. ಸಣ್ಣ ಕೋಣೆ, ಮೇಜಿನ ಮೇಲೆ ತಣ್ಣಗಾದ ಟೀ. ಡಾಕ್ಟರಮ್ಮನ ಮುಖದಲ್ಲಿ ಖುಷಿ ಕುಣಿಯುತ್ತಿತ್ತು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಇಡೀ ಊರಲ್ಲಿ ಈ ಒಂದು ಬೀದಿ ಎದ್ದು ಕಾಣ್ತಿದೆ! ಇಲ್ಲಿನ ಜನಕ್ಕೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು? ಓದಿದವರು ಜಾಸ್ತಿನಾ? ಹತ್ರ ಯಾವುದಾದ್ರೂ ಆಸ್ಪತ್ರೆ ಇದೆಯಾ? ಒಂದೇ ಒಂದು ಅರ್ಥ ಆಗ್ಲಿಲ್ಲ. ಎಲ್ರೂ ಬಲಗೈ, ಬಲಗೈ ಅಂತಾನೇ ಯಾಕೆ ಹೇಳ್ತಾರೆ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಓದಿದವರು ಜಾಸ್ತಿ ಎಂದರೆ ಸಾಕಿತ್ತು, ಡಾಕ್ಟರಮ್ಮ ನಂಬುತ್ತಿದ್ದಳು. ಇಪ್ಪತ್ತು ವರ್ಷ ಬೇರೆಯವರ ಸುಳ್ಳನ್ನು ಬರೆದುಕೊಂಡವಳಿಗೆ ತನ್ನದೇ ಒಂದು ಸುಳ್ಳು ಸೇರಿಸುವುದು ಕಷ್ಟವಾಯಿತು.

"ಮೇಡಂ, ಆ ಬಲಗೈ ಇಸ್ತ್ರಿಯಮ್ಮನದು," ಎಂದಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು.

ಡಾಕ್ಟರಮ್ಮನ ಮುಖ ಇಳಿಯಿತು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

"ಅಕ್ಕ, ಈ ಸರ್ವೆ ಯಾಕೆ ಮಾಡ್ತಿದ್ದೀವಿ ಗೊತ್ತಾ? ಬಡಾವಣೆಯ ಸಣ್ಣ ಆಸ್ಪತ್ರೆಗಳಲ್ಲಿ ಇಸಿಜಿ ಮಿಷನ್ ಇಡಿ, ಅರವತ್ತು ದಾಟಿದವರ ನಾಡಿ ನೋಡೋಕೆ ಒಂದು ಏರ್ಪಾಡು ಮಾಡಿ ಅಂತ ಕೇಳ್ತಿದ್ದೀವಿ. ಮೇಲಿನವರು, 'ಜನಕ್ಕೆ ಗೊತ್ತಿದೆ, ಬೇಕಾದವರು ತಾವೇ ಬರ್ತಾರೆ' ಅಂದರು. ಗೊತ್ತಿಲ್ಲ ಅಂತ ತೋರಿಸಬೇಕು ನಾವು. ಎಷ್ಟು ಗೊತ್ತಿಲ್ಲ ಅನ್ನೋದು ಸರಿಯಾಗಿ ತೋರಿಸಿದ್ರೆ ಮಾತ್ರ ಮಿಷನ್ ಬರುತ್ತೆ. ನೀವು ಒಂದು ಬೀದಿಗೆ ಹೇಳಿದ್ರಿ. ಉಳಿದ ಬೀದಿಗಳ ಕತೆ?"

ಪ್ರಶ್ನೆಯಕ್ಕ ಇದನ್ನು ಯೋಚಿಸಿರಲಿಲ್ಲ. ಜನರ ಗೊತ್ತಿಲ್ಲಕ್ಕೂ ಒಂದು ಬೆಲೆ ಇರಬಹುದು, ಅದನ್ನೂ ಕೆಡದಂತೆ ಜೋಪಾನವಾಗಿ ತೆಗೆದುಕೊಂಡು ಹೋಗಿ ತಲುಪಿಸಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ತಪ್ಪಾಯ್ತು ಮೇಡಂ. ನಾಳೆಯಿಂದ ಬರೋದು ಬೇಡ ಅಂದ್ರೆ ಬರಲ್ಲ. ಆದ್ರೆ ಆ ಅಮ್ಮನ ಕೈ ಹಿಡಿದ ಮೇಲೆ ನಂಗೆ ಎದ್ದು ಬರೋಕಾಗ್ಲಿಲ್ಲ."

ಡಾಕ್ಟರಮ್ಮ ತಿರುಗಿದಳು. "ಆ ಅಮ್ಮನಿಗೆ ಹೇಳಿದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ನಾನೂ ಡಾಕ್ಟರು. ಅವತ್ತೇ ನಂಗೆ ಒಂದು ಫೋನ್ ಮಾಡಬೇಕಿತ್ತು ನೀವು. ಅದು ಮಾಡಲಿಲ್ಲ, ಅದಕ್ಕೆ ಬೇಜಾರು." ಆಮೇಲೆ ಸ್ವಲ್ಪ ತಡೆದು, "ಆ ಬೀದಿಯನ್ನ ಲೆಕ್ಕದಿಂದ ತೆಗೆದುಹಾಕ್ತೀನಿ. ನೀವು ರೈಲು ಹಳಿಯ ಆಚೆಗೆ ಹೋಗಿ. ಅಲ್ಲಿ ಯಾರೂ ಇಸ್ತ್ರಿಯಮ್ಮನಿಗೆ ಬಟ್ಟೆ ಕೊಡಲ್ಲ ತಾನೇ?" ಎಂದಳು.

ಹಳಿಯ ಆಚೆ ಪ್ರಶ್ನೆಯಕ್ಕ ಕಟ್ಟುನಿಟ್ಟಾಗಿ ನಡೆದುಕೊಂಡಳು. ಗೊತ್ತಿಲ್ಲ ಎಂದವರನ್ನು ಮೊದಲಿಗಿಂತ ಹೆಚ್ಚು ಗಮನವಿಟ್ಟು ಕೇಳಿ ಒತ್ತಿಕೊಂಡಳು. ಹೀಗೇ ಒಂದು ಮಧ್ಯಾಹ್ನ ಮೂರನೇ ಮಹಡಿಯ ಒಂದು ಮನೆಗೆ ಬಂದಳು. ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್ ಮತ್ತು ಅವನ ತಂಗಿ ಅಲ್ಲಿದ್ದರು. ಡ್ರೈವರ್ ಒಳ್ಳೇ ಮಾತುಗಾರ. ನಾಲ್ಕನೇ ಪ್ರಶ್ನೆಗೆ ಬರುವಷ್ಟರಲ್ಲಿ ತಾನಾಗಿ ಹೇಳಿದ, "ಮೆಟ್ಟಿಲು ಹತ್ತಿ ಬಂದು ಕೂತ್ರೆ ಎದೇಲಿ ಮೀನು ಪಲ್ಟಿ ಹೊಡೆದ ಹಾಗೆ ಆಗುತ್ತಮ್ಮ. ಏನಿಲ್ಲ, ಗ್ಯಾಸು."

ಪ್ರಶ್ನೆಯಕ್ಕ ಉಳಿದ ಪ್ರಶ್ನೆಗಳನ್ನು ಒಂದೇ ದನಿಯಲ್ಲಿ ಮುಗಿಸಿದಳು. ಒಂದ್ಸಲ ಡಾಕ್ಟರಿಗೆ ತೋರಿಸಿ ಎಂದಳು. ಹೊರಗೆ ಬಂದು ಮೆಟ್ಟಿಲ ತಿರುವಿನಲ್ಲಿ ನಿಂತು ಫೋನು ಮಾಡಿದಳು.

"ಮೇಡಂ, ಇಲ್ಲೊಬ್ಬರು ಇದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ಆದ್ರೆ ಇಲ್ಲಿಂದ ಹೋಗೋದೂ ಇಲ್ಲ. ನೀವೇ ಬಂದು ಹೇಳಿ."

ಡಾಕ್ಟರಮ್ಮ ಮೊದಲು ಏನೋ ಹೇಳಲು ಹೋಗಿ, ಆಮೇಲೆ ವಿಳಾಸ ಕೇಳಿದಳು. ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಳು. ಡ್ರೈವರ್ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ನೀವು ಡಾಕ್ಟರಾ? ಪಾಪ, ನಿಮಗೇ ಉಬ್ಬಸ ಇರೋ ಹಾಗಿದೆ. ಕೂತ್ಕೊಳ್ಳಿ, ನೀರು ಕುಡೀರಿ."

ಡಾಕ್ಟರಮ್ಮ ಮೇಲಿನ ಕೋಣೆ, ಕೆಳಗಿನ ಕೋಣೆ ಎಲ್ಲ ಹೇಳಿದಳು. ಡ್ರೈವರ್ ತಲೆಯಾಡಿಸುತ್ತ ಕೇಳಿ, "ನೀವು ಹೇಳೋದೆಲ್ಲ ಸರಿ. ಆದ್ರೆ ನಂದು ಗ್ಯಾಸು" ಎಂದ. ಅವಳು ಇನ್ನೊಂದು ರೀತಿ ಹೇಳಿದಳು. ಅವನು ಇನ್ನೊಂದು ರೀತಿ ಗ್ಯಾಸು ಎಂದ. ಹೆಡ್‌ಮಿಸ್ಟ್ರೆಸ್ಸಿನ ದನಿ ಕ್ರಮೇಣ ಕರಗಿ ಬೇಡಿಕೊಳ್ಳುವ ದನಿಯಾಯಿತು. ಪ್ರಶ್ನೆಯಕ್ಕ ಬಾಗಿಲ ಹತ್ತಿರ ಬಾಯಿ ಮುಚ್ಚಿ ನಿಂತಿದ್ದಳು. ಕೊನೆಗೆ ಒಳಗಿನಿಂದ ತಂಗಿ ಬಂದು, "ಅಣ್ಣಾ, ನಾಳೆ ನೀನು ಆಸ್ಪತ್ರೆಗೆ ಹೋಗದಿದ್ರೆ ಇವತ್ತಿಂದ ನಿನ್ನ ಅಡುಗೆ ನೀನೇ ಮಾಡ್ಕೋ" ಎಂದಳು. ಡ್ರೈವರ್ ಕೂಡಲೇ ಒಪ್ಪಿದ.

ಇಳಿಯುವಾಗ ಡಾಕ್ಟರಮ್ಮ ಕೇಳಿದಳು, "ಅಕ್ಕ, ಈ ಗ್ಯಾಸು ಅನ್ನೋದನ್ನ ನೀವು ಎಷ್ಟು ಮನೇಲಿ ಕೇಳಿದ್ದೀರಿ?"

"ಎರಡು ಮನೆ ಬಿಟ್ರೆ ಮೂರನೇ ಮನೇಲಿ ಅದೇ ಮೇಡಂ."

"ನಮ್ಮ ಪ್ರಶ್ನೆಗಳಲ್ಲಿ ಅದು ಇಲ್ಲವೇ ಇಲ್ಲ," ಎಂದು ಡಾಕ್ಟರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಗೊತ್ತಿಲ್ಲ ಅಂತ ಬರ್ಕೊಂಡು ಬಂದ್ವಿ. ಅವರಿಗೆ ಗೊತ್ತಿಲ್ಲ ಅಂತಲ್ಲ. ಬೇರೆ ಏನೋ ಗೊತ್ತಿದೆ ಅಂದುಕೊಂಡಿದ್ದಾರೆ."

ಪ್ರಶ್ನೆಯಕ್ಕನೂ ಪಕ್ಕದಲ್ಲಿ ಕೂತಳು. ಆಮೇಲೆ ಡಾಕ್ಟರಮ್ಮ ಸರ್ವೆಯಲ್ಲಿ ಒಂದು ಬದಲಾವಣೆ ಮಾಡಿದಳು. ಯಾರಾದರೂ ತಮಗೇ ಹೀಗಾಗುತ್ತದೆ ಎಂದರೆ ಸರ್ವೆಯವರು ಕಾಲೇಜಿಗೆ ತಿಳಿಸುವುದು. ಆ ಮನೆಯ ಪ್ರಶ್ನೆಗಳು ಮುಗಿದ ಮೇಲೆ ಕಾಲೇಜಿನ ನರ್ಸು ಹೋಗಿ ಅವರನ್ನು ಕಂಡು, ಬೇರೆಯವರ ಕಿವಿಗೆ ಬೀಳದಂತೆ ಮಾತಾಡುವುದು. ಡಾಕ್ಟರಮ್ಮನ ಹಿರಿಯರು ಗೊಣಗಿಕೊಂಡೇ ಒಪ್ಪಿದರಂತೆ.

ಡ್ರೈವರಿಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಒಂದು ದಿನವಿಡೀ ಎದೆಗೆ ಸಣ್ಣ ಯಂತ್ರ ಕಟ್ಟಿ ಕಳಿಸಿದರು. ಬಡಿತ ಗಡಿಯಾರದ ಹಾಗೆ ಸರಿಯಾಗಿತ್ತು. ಅವನದು ನಿಜವಾಗಿಯೂ ಗ್ಯಾಸು. ಆ ಸುದ್ದಿ ಹೇಳುವಾಗ ಡಾಕ್ಟರಮ್ಮ ಫೋನಿನಲ್ಲಿ ನಗು ತಡೆಯಲಾರದೆ ಕೆಮ್ಮಿದಳು. ಡ್ರೈವರ್ ಮಾತ್ರ, "ನಾನು ಅವತ್ತೇ ಹೇಳಿರಲಿಲ್ವಾ" ಎಂದು ಮೂರೂ ಮಹಡಿಯಲ್ಲಿ ಹೇಳಿಕೊಂಡು ತಿರುಗಿದ.

ಸರ್ವೆ ಮುಗಿದು ಲೆಕ್ಕ ಹೊರಬಂದಾಗ, ಹತ್ತು ಜನರಲ್ಲಿ ಇಬ್ಬರು ಮಾತ್ರ ಆ ಕಾಯಿಲೆಯ ಹೆಸರನ್ನಾದರೂ ಕೇಳಿದ್ದರು. ನಾಡಿ ನೋಡಲು ಗೊತ್ತಿದ್ದವರು ಇನ್ನೂ ಕಡಿಮೆ. ಇಸಿಜಿ ಮಿಷನ್ನಿನ ಕೋರಿಕೆ ಕಚೇರಿಯಿಂದ ಕಚೇರಿಗೆ ಅಲೆಯಿತು. ಬಹಳ ಕಾಲದ ಮೇಲೆ ಎರಡು ಬಡಾವಣೆಗಳಿಗೆ ಮಿಷನ್ನು ಬಂತು, ಉಳಿದವಕ್ಕೆ ಬರುತ್ತದೆ ಎಂದರು. ಇಸ್ತ್ರಿಯಮ್ಮ ಬಲಗೈಯಲ್ಲಿ ಇಸ್ತ್ರಿ ಮಾಡುತ್ತಲೇ ಇದ್ದಾಳೆ. ಅವಳು ಹೀಗೆ ಕೈ ಹಿಡಿದು ನೋಡಿ ಆಸ್ಪತ್ರೆಗೆ ಅಟ್ಟಿದವರಲ್ಲಿ ಟೈಪಿಂಗ್ ಹೇಳಿಕೊಡುವ ಒಬ್ಬ ಟೀಚರಿಗೂ ಅದೇ ಕಾಯಿಲೆ ಇದ್ದದ್ದು ಗೊತ್ತಾಯಿತು. ಉಳಿದವರೆಲ್ಲ ಸುಮ್ಮನೆ ಹೆದರಿ, ಹೋಗಿ ಬಂದು, ಅವಳಿಗೆ ಬೈದರು.

ಪ್ರಶ್ನೆಯಕ್ಕ ಮತ್ತೆ ಸೋಪಿನ ಪ್ರಶ್ನೆಗೆ ಮರಳಿದಳು. ಒಂದು ಬೆಳಿಗ್ಗೆ ಹಳಿಯ ಆಚೆಯ ಬೀದಿಯಲ್ಲೇ, ಸರ್ವೆಯಲ್ಲಿ ಬಂದುಹೋಗಿದ್ದ ಒಂದು ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆಗೆದವಳು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಹೆಂಗಸು. ಕೈಯಲ್ಲಿ ಇನ್ನೂ ದಾರದ ಉಂಡೆ ಇತ್ತು.

"ಏ, ನೀವಾ! ಹೋದ ಸಲ ಬಂದು ಹೃದಯದ್ದು ಏನೇನೋ ಕೇಳಿ ಹೋದ್ರಿ. ಕಾಲೇಜಿನವರು ಬಂದು ಹೇಳ್ತಾರೆ ಅಂದ್ರು. ಅವರು ಬಂದ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಅವತ್ತಿಂದ ತಲೇಲಿ ಕೊರೀತಾನೇ ಇದೆ. ಅದಕ್ಕೆ ಉತ್ತರ ಏನು?"

ಈಗ ಹೇಳಬಾರದು ಎನ್ನುವವರು ಯಾರೂ ಇರಲಿಲ್ಲ. ಪ್ರಶ್ನೆಯಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು, ಹೊಲಿದ ಪುಸ್ತಕಗಳ ಅಟ್ಟಿ ಪಕ್ಕಕ್ಕೆ ಸರಿಸಿ ಕೂತಳು.

"ಮೊದಲು ನಿಮ್ಮ ಕೈ ಕೊಡಿ," ಎಂದಳು.